ಎಣ್ಣೆ ನಿಲ್ಲಿಸಿದ್ದರೆ ಇಟಲಿ ನಿಲ್ಲುತ್ತಿತ್ತೇ? 1935ರ ನಿರ್ಬಂಧಗಳ ಒಳಲೆಕ್ಕ

ಪ್ರಶ್ನೆ: 1935ರಲ್ಲಿ ಇಥಿಯೋಪಿಯಾದ ಮೇಲೆ ದಾಳಿ ಮಾಡಿದ ಇಟಲಿಗೆ ರಾಷ್ಟ್ರಸಂಘ, ಅಂದರೆ ಲೀಗ್ ಆಫ್ ನೇಷನ್ಸ್, ಆರ್ಥಿಕ ನಿರ್ಬಂಧ ಹಾಕಿತು, ಅದು ಫಲಿಸಲಿಲ್ಲ ಎಂದಷ್ಟೇ ಓದಿದ್ದೇನೆ. ಐವತ್ತು ದೇಶಗಳು ಸೇರಿ ಒಂದು ದೇಶವನ್ನು ಬಗ್ಗಿಸಲಾಗಲಿಲ್ಲ ಎಂದರೆ ಹೇಗೆ? ಪೆಟ್ರೋಲಿಯಂ ಒಂದನ್ನು ನಿಲ್ಲಿಸಿದ್ದರೆ ಸಾಕಿತ್ತು ಎನ್ನುತ್ತಾರಲ್ಲ, ಅದು ನಿಜವೇ? ಈ ಪ್ರಕರಣಕ್ಕೂ ಎರಡನೇ ಮಹಾಯುದ್ಧಕ್ಕೂ ನೇರ ನಂಟಿದೆಯೇ?

ಉತ್ತರ: ಮೊದಲು ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ನಿರ್ಬಂಧದ ಪಟ್ಟಿಯನ್ನು ಬರೆದವರು ಇಟಲಿಯ ಸೇನೆ ಯಾವುದಿಲ್ಲದೆ ನಡೆಯಲಾರದು ಎಂದು ಕೇಳಿಕೊಂಡು ಬರೆಯಲಿಲ್ಲ. ಯಾವುದನ್ನು ತಡೆದರೆ ಮುಸೊಲಿನಿ ನಮ್ಮ ಮೇಲೆ ತಿರುಗಿ ಬೀಳುವುದಿಲ್ಲ ಎಂದು ಕೇಳಿಕೊಂಡು ಬರೆದರು. ಇಥಿಯೋಪಿಯಾವನ್ನು ಉಳಿಸಲು ಆ ಪಟ್ಟಿ ಸಾಲದಾಯಿತು. ಇಟಲಿಯನ್ನು ಹಿಟ್ಲರನ ಮಗ್ಗುಲಿಗೆ ತಳ್ಳಲು ಮಾತ್ರ ಸಾಕಾಯಿತು. ಎಣ್ಣೆಯ ಪ್ರಶ್ನೆಗೆ ‘ಹೌದು’ ಎನ್ನುವವರು ತಾರೀಖುಗಳನ್ನು ಜೋಡಿಸಿ ನೋಡಿರುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಿರ್ಬಂಧದ ಯಂತ್ರ ಹೇಗೆ ಕೆಲಸ ಮಾಡಬೇಕಿತ್ತು ಎಂಬುದನ್ನು ಮೊದಲು ನೋಡೋಣ. ರಾಷ್ಟ್ರಸಂಘದ ಒಡಂಬಡಿಕೆಯ 16ನೇ ವಿಧಿಯ ಪ್ರಕಾರ, ವಿವಾದಗಳನ್ನು ಶಾಂತಿಯಿಂದ ಬಗೆಹರಿಸಿಕೊಳ್ಳುವ ಮಾತು ಮುರಿದು ಯುದ್ಧಕ್ಕಿಳಿದ ಸದಸ್ಯ ಉಳಿದೆಲ್ಲ ಸದಸ್ಯರ ಮೇಲೂ ಯುದ್ಧ ಹೂಡಿದಂತೆಯೇ ಲೆಕ್ಕ. ಎಲ್ಲರೂ ಆ ಕೂಡಲೇ ಅದರ ಜೊತೆಗಿನ ವ್ಯಾಪಾರ, ಹಣಕಾಸು ವ್ಯವಹಾರ ಎಲ್ಲವನ್ನೂ ಕಡಿದುಕೊಳ್ಳಬೇಕು. ಓದಲು ಗುಡುಗಿನಂತಿದೆ. ಆದರೆ 1921ರಲ್ಲೇ ರಾಷ್ಟ್ರಸಂಘದ ಅಸೆಂಬ್ಲಿ, ಅಂದರೆ ಎಲ್ಲ ಸದಸ್ಯ ದೇಶಗಳ ಸಭೆ, ಕೆಲವು ಗೊತ್ತುವಳಿಗಳನ್ನು ಮಾಡಿಕೊಂಡಿತ್ತು. ಒಡಂಬಡಿಕೆ ಮುರಿದಿದೆಯೋ ಇಲ್ಲವೋ ಎಂಬುದನ್ನು ಪ್ರತಿ ದೇಶವೂ ತಾನೇ ತೀರ್ಮಾನಿಸಬೇಕು, ಕ್ರಮಗಳನ್ನು ಹಂತಹಂತವಾಗಿ ಬಿಗಿಗೊಳಿಸಬಹುದು ಎಂಬುದು ಅವುಗಳ ತಾತ್ಪರ್ಯ. ‘ಎಲ್ಲರೂ’, ‘ಕೂಡಲೇ’, ‘ಎಲ್ಲವನ್ನೂ’ ಎಂಬ ಮೂರು ಪದಗಳ ಹಲ್ಲು ಆಗಲೇ ಕಿತ್ತುಹೋಗಿತ್ತು. 1935ರಲ್ಲಿ ರಾಷ್ಟ್ರಸಂಘದ ಕೇಂದ್ರವಾದ ಜಿನೀವಾದಲ್ಲಿ ಕೂತವರು ಕೈಗೆತ್ತಿಕೊಂಡದ್ದು ಈ ಬೊಚ್ಚುಬಾಯಿಯ 16ನೇ ವಿಧಿಯನ್ನು.

ಇನ್ನು ಕಾಲದ ಲೆಕ್ಕ. ಜಗಳ ಶುರುವಾದದ್ದು 1934ರ ಡಿಸೆಂಬರ್ 5ರಂದು, ಒಗಾಡೆನ್ ಬಯಲಿನ ವಾಲ್‌ವಾಲ್ ಎಂಬಲ್ಲಿನ ಬಾವಿಗಳ ಬಳಿ. ಆ ಜಾಗ ಇಥಿಯೋಪಿಯಾದ ಗಡಿಯೊಳಗೇ ಇತ್ತು, ಆದರೆ ಇಟಲಿಯ ಸೊಮಾಲಿ ಪಡೆ ಅಲ್ಲಿ ಠಾಣೆ ಹೂಡಿತ್ತು. ಗುಂಡಿನ ಚಕಮಕಿಯಲ್ಲಿ ಎರಡೂ ಕಡೆ ಜನ ಸತ್ತರು. 1935ರ ಜನವರಿ 3ರಂದು ಇಥಿಯೋಪಿಯಾ 11ನೇ ವಿಧಿಯಡಿ ದೂರು ಕೊಟ್ಟಿತು. ‘ನೀವಿಬ್ಬರೇ ಮಾತಾಡಿಕೊಳ್ಳಿ’ ಎಂದು ಅದನ್ನು ಮುಂದೂಡಿದರು. ಮಾರ್ಚ್ 17ರಂದು 15ನೇ ವಿಧಿಯಡಿ ಮತ್ತೆ ದೂರು ಬಂತು. ಹಿಂದಿನ ದಿನವಷ್ಟೇ ಹಿಟ್ಲರ್ ಕಡ್ಡಾಯ ಸೈನಿಕ ಸೇವೆ ಘೋಷಿಸಿದ್ದರಿಂದ ಅದನ್ನು ಕೇಳುವವರಿರಲಿಲ್ಲ. ಪಂಚಾಯಿತಿಗೆ ಕೂತವರು ಸೆಪ್ಟೆಂಬರ್ 3ರಂದು ‘ವಾಲ್‌ವಾಲ್ ಘಟನೆಯಲ್ಲಿ ಯಾರದೂ ತಪ್ಪಿಲ್ಲ’ ಎಂದು ತೀರ್ಪು ಕೊಟ್ಟರು. ಅಷ್ಟರಲ್ಲಿ ಇಟಲಿಯ ಹಡಗುಗಳು ತಿಂಗಳುಗಟ್ಟಲೆ ಸೂಯೆಜ್ ಕಾಲುವೆ ದಾಟಿ ಎರಿಟ್ರಿಯಾದ ಮಸ್ಸಾವಾ ಬಂದರಿನಲ್ಲಿ ಸೈನಿಕರು, ಲಾರಿಗಳು, ಹೇಸರಗತ್ತೆಗಳು, ಇಂಧನ ಎಲ್ಲವನ್ನೂ ಇಳಿಸುತ್ತಿದ್ದವು. ಅಕ್ಟೋಬರ್ 3ರ ನಸುಕಿನಲ್ಲಿ ಇಟಲಿಯ ದಂಡನಾಯಕ ಡಿ ಬೋನೊನ ಸೇನೆ ಮಾರೆಬ್ ಹೊಳೆ ದಾಟಿತು. 6ರಂದು ಅಡ್ವಾ ಕೈವಶ. 1896ರಲ್ಲಿ ಇಟಲಿ ಸೋತು ಮುಖಭಂಗ ಅನುಭವಿಸಿದ್ದ ಊರು ಅದು. ನಿರ್ಬಂಧಗಳು ಜಾರಿಗೆ ಬಂದದ್ದು ನವೆಂಬರ್ 18ಕ್ಕೆ. ವಾಲ್‌ವಾಲ್‌ನಿಂದ ಹನ್ನೊಂದೂವರೆ ತಿಂಗಳು ಇಟಲಿಗೆ ದಾಸ್ತಾನು ಮಾಡಿಕೊಳ್ಳಲು ಬಿಡುವಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ.

ಹಾಗೆಂದು ಜಿನೀವಾದವರು ಅಕ್ಟೋಬರ್‌ನಲ್ಲಿ ಕೈಕಟ್ಟಿ ಕೂತಿರಲಿಲ್ಲ. ದಾಳಿಯಾದ ನಾಲ್ಕೇ ದಿನಕ್ಕೆ, ಅಕ್ಟೋಬರ್ 7ರಂದು, ಇಟಲಿ ಒಡಂಬಡಿಕೆ ಮುರಿದು ಯುದ್ಧಕ್ಕಿಳಿದಿದೆ ಎಂದು ರಾಷ್ಟ್ರಸಂಘದ ಕೌನ್ಸಿಲ್, ಅಂದರೆ ಕೆಲವೇ ದೇಶಗಳ ಒಳಮಂಡಳಿ, ಹೇಳಿತು. 1931ರಲ್ಲಿ ಚೀನಾದ ಮಂಚೂರಿಯಾವನ್ನು ಆಕ್ರಮಿಸಿದ ಜಪಾನಿಗೆ ಈ ಮಾತನ್ನು ರಾಷ್ಟ್ರಸಂಘ ಎಂದೂ ಹೇಳಿರಲಿಲ್ಲ. ಎಲ್ಲರ ಒಮ್ಮತವಿಲ್ಲದೆ ತೀರ್ಮಾನವಿಲ್ಲ ಎಂಬ ನಿಯಮವನ್ನು ದಾಟಿದ ರೀತಿಯೂ ಜಾಣತನದ್ದೇ. ಅಸೆಂಬ್ಲಿಯಲ್ಲಿ ಅಧ್ಯಕ್ಷ ಬೆನೆಶ್, ಮಾತಾಡದವರು ಒಪ್ಪಿದಂತೆ ಎಂದು ಎಣಿಸಿದರು. ಮೌನಂ ಸಮ್ಮತಿ ಲಕ್ಷಣಂ! ಹೀಗೆ 50 ದೇಶಗಳು ಒಪ್ಪಿದವು. ಇಟಲಿಯನ್ನು ಬಿಟ್ಟರೆ ಆಸ್ಟ್ರಿಯಾ, ಹಂಗೇರಿ, ಅಲ್ಬೇನಿಯಾ ಮಾತ್ರ ಬೇರೆ ನಿಂತವು. ಆಮೇಲೆ ಒಂದು ಸಮನ್ವಯ ಸಮಿತಿ, ಅದರೊಳಗೆ ಹದಿನೆಂಟು ದೇಶಗಳ ಒಂದು ಕಾರ್ಯಸಮಿತಿ. ಪೋರ್ಚುಗಲ್ಲಿನ ವಾಸ್ಕೊನ್ಸೆಲೊಸ್ ಅದರ ಅಧ್ಯಕ್ಷ. ಈ ಸಮಿತಿ ‘ಆದೇಶ’ ಹೊರಡಿಸುವಂತಿರಲಿಲ್ಲ, ‘ಪ್ರಸ್ತಾವ’ಗಳನ್ನು ಮಾತ್ರ ಕಳಿಸಬಹುದಿತ್ತು. ಪ್ರತಿ ಸರ್ಕಾರ ತನ್ನ ಕಾನೂನಿನಂತೆ ಅದನ್ನು ಜಾರಿ ಮಾಡಬೇಕು. ಸೋರಿಕೆಯ ಮೊದಲ ತೂತು ಇದೇ.

ಅಕ್ಟೋಬರ್ 11ರಿಂದ 19ರೊಳಗೆ ಐದು ಪ್ರಸ್ತಾವಗಳು ಹೊರಟವು. ಒಂದನೆಯದು ಇಟಲಿಗೆ ಶಸ್ತ್ರಾಸ್ತ್ರ ಮಾರಬಾರದು, ಇಥಿಯೋಪಿಯಾಕ್ಕೆ ಮಾರಬಹುದು ಎಂಬುದು. ಎರಡನೆಯದು ಇಟಲಿಯ ಸರ್ಕಾರಕ್ಕಾಗಲಿ, ಅಲ್ಲಿನ ಕಂಪನಿಗಳಿಗಾಗಲಿ ಸಾಲ ಕೊಡಬಾರದು ಎಂಬುದು. ಮೂರನೆಯದು ಇಟಲಿಯ ಸರಕನ್ನು ಯಾರೂ ಕೊಳ್ಳಬಾರದು ಎಂಬುದು. ನಾಲ್ಕನೆಯದು ಕೆಲವು ಸರಕುಗಳನ್ನು ಇಟಲಿಗೆ ಮಾರಬಾರದು ಎಂಬುದು. ಐದನೆಯದು ನಿರ್ಬಂಧದಿಂದ ನಷ್ಟವಾದ ಸದಸ್ಯರಿಗೆ ಉಳಿದವರು ಆಸರೆಯಾಗಬೇಕು ಎಂಬುದು. ಮೊದಲೆರಡು ಮಾಮೂಲು. ಇಟಲಿ ಶಸ್ತ್ರಗಳನ್ನು ತಾನೇ ತಯಾರಿಸುತ್ತಿತ್ತು, ಹೊರಗಿನ ಸಾಲ ಅದಕ್ಕೆ ಆ ಮೊದಲೇ ಹುಟ್ಟುತ್ತಿರಲಿಲ್ಲ. ಗಮನಿಸಬೇಕಾದ್ದು ಮೂರು ಮತ್ತು ನಾಲ್ಕು.

ಮೂರನೆಯದೇ ಇಡೀ ಯೋಜನೆಯ ಬೆನ್ನೆಲುಬು. ಅದರ ತರ್ಕ ಹೀಗಿತ್ತು: ಇಟಲಿಯ ಕಿತ್ತಳೆ, ರೇಷ್ಮೆ, ಬಟ್ಟೆ ಯಾರೂ ಕೊಳ್ಳದಿದ್ದರೆ ಅದಕ್ಕೆ ವಿದೇಶಿ ಹಣ ಬರುವುದಿಲ್ಲ. ಹಣ ಬರದಿದ್ದರೆ ನಿಷೇಧವಿಲ್ಲದ ಸರಕನ್ನೂ ಕೊಳ್ಳಲಾಗದು. ಹಾಗಾಗಿಯೇ ಚಿನ್ನ ಬೆಳ್ಳಿಯ ಗಟ್ಟಿ ಮತ್ತು ನಾಣ್ಯಗಳಿಗೆ ಬೇಕೆಂದೇ ವಿನಾಯಿತಿ ಕೊಟ್ಟರು. ಇಟಲಿ ಖಜಾನೆಯ ಚಿನ್ನ ಕೊಟ್ಟು ಸಾಮಾನು ತರಿಸಿಕೊಳ್ಳಲಿ, ಚಿನ್ನ ಬೇಗ ಬರಿದಾಗಲಿ ಎಂದು. ಕಾಗದದ ಮೇಲೆ ಚೊಕ್ಕವಾದ ಯೋಜನೆ. ಇದರ ತೊಡಕು ಕೆರೆ ನೀರಾವರಿ ಬಲ್ಲ ಯಾರಿಗಾದರೂ ತಿಳಿಯುತ್ತದೆ. ತೂಬು ಮುಚ್ಚುವ ಬದಲು ಕೆರೆಗೆ ನೀರು ತರುವ ಕಾಲುವೆಯನ್ನು ಮುಚ್ಚಿದರು. ಕೆರೆ ಎಂದಾದರೂ ಬತ್ತುತ್ತದೆ, ಆದರೆ ಅಷ್ಟರಲ್ಲಿ ಕೆಳಗಿನ ಗದ್ದೆಯ ಕೊಯ್ಲು ಮುಗಿದಿರುತ್ತದೆ. ಸಣ್ಣ ಕಿಂಡಿಗಳೂ ಇದ್ದವು. ಇಟಲಿಯಿಂದ ಹೊರಟ ಸರಕು ಇನ್ನೊಂದು ದೇಶದಲ್ಲಿ ಸಂಸ್ಕರಣೆಗೊಂಡು ಅದರ ಬೆಲೆಯ ಶೇ 25ರಷ್ಟಾದರೂ ಅಲ್ಲಿ ಸೇರಿದ್ದರೆ ಅದು ‘ಇಟಲಿಯ ಸರಕು’ ಅಲ್ಲ.

ಈ ಚಿನ್ನದ ಎಣಿಕೆ ತಿರುಗುಬಾಣವಾದ ಬಗೆಯನ್ನು ಹೇಳಲೇಬೇಕು. 1935ರ ಡಿಸೆಂಬರ್ 18ರಂದು ರೋಮ್ ನಗರದಲ್ಲಿ ರಾಣಿ ಎಲೆನಾ ತನ್ನ ಮದುವೆಯುಂಗುರವನ್ನು ದೇಶಕ್ಕೆ ಒಪ್ಪಿಸಿದಳು. ಅವಳ ಹಿಂದೆ ಲಕ್ಷಾಂತರ ಹೆಂಗಸರು ಉಂಗುರ ಕೊಟ್ಟು ಬದಲಿಗೆ ಉಕ್ಕಿನ ಉಂಗುರ ತೊಟ್ಟುಕೊಂಡರು. ಇಟಾಲಿಯನ್ ಭಾಷೆಯಲ್ಲಿ ‘ಫೆದೆ’ ಎಂದರೆ ಮದುವೆಯುಂಗುರವೂ ಹೌದು, ನಂಬಿಕೆ, ನಿಷ್ಠೆಯೂ ಹೌದು. ಪ್ರಚಾರದವರಿಗೆ ಆ ಪದವೊಂದೇ ಸಾಕಿತ್ತು. ನಮ್ಮಲ್ಲಿ ತಾಳಿ ಬಿಚ್ಚಿಕೊಟ್ಟಷ್ಟು ತೂಕದ ಕೆಲಸ ಅದು. ನವೆಂಬರ್ 18ರ ತಾರೀಖನ್ನು, ನಮ್ಮ ಮೇಲೆ ಮುತ್ತಿಗೆ ಹಾಕಿದ ದಿನ ಎಂದು, ಊರೂರಿನ ಪುರಸಭೆಗಳ ಗೋಡೆಗೆ ಅಮೃತಶಿಲೆಯಲ್ಲಿ ಕೆತ್ತಿ ಹಾಕಿಸಿದರು. ಯುದ್ಧದ ಬಗ್ಗೆ ಅಷ್ಟು ಉಮೇದಿಲ್ಲದ ಜನರನ್ನೂ ನಿರ್ಬಂಧ ಮುಸೊಲಿನಿಯ ಹಿಂದೆ ನಿಲ್ಲಿಸಿತು. ಜನಕ್ಕೆ ಕಷ್ಟ ಕೊಟ್ಟರೆ ಅವರು ಸರ್ಕಾರದ ಮೇಲೆ ತಿರುಗಿಬೀಳುತ್ತಾರೆ ಎಂಬುದು ಅಂದಿನ ನಂಬಿಕೆ. ಅಂದಿನದಷ್ಟೇ ಅಲ್ಲ, ಇಂದಿಗೂ ಅನೇಕರದು.

ನಾಲ್ಕನೇ ಪ್ರಸ್ತಾವದ ಪಟ್ಟಿಯನ್ನು ನೋಡಿ: ಕುದುರೆ, ಕತ್ತೆ, ಹೇಸರಗತ್ತೆ, ಒಂಟೆ ಮೊದಲಾದ ಸಾಗಣೆ ಪ್ರಾಣಿಗಳು, ರಬ್ಬರ್, ಬಾಕ್ಸೈಟ್ ಮತ್ತು ಅಲ್ಯೂಮಿನಿಯಂ, ಕಬ್ಬಿಣದ ಅದಿರು, ಗುಜರಿ ಕಬ್ಬಿಣ, ಕ್ರೋಮಿಯಂ, ಮ್ಯಾಂಗನೀಸ್, ನಿಕ್ಕಲ್, ಟೈಟಾನಿಯಂ, ಟಂಗ್‌ಸ್ಟನ್, ವೆನೇಡಿಯಂ, ತವರ. ಇದರಲ್ಲಿ ಇಲ್ಲದ್ದು: ಕಲ್ಲಿದ್ದಲು, ಬೀಡು ಕಬ್ಬಿಣ, ಉಕ್ಕು, ತಾಮ್ರ, ಪೆಟ್ರೋಲಿಯಂ. ಅದಿರು ಮಾರಬಾರದು, ಅದರಿಂದ ಮಾಡಿದ ಉಕ್ಕನ್ನು ಮಾರಬಹುದು! ಅಲ್ಯೂಮಿನಿಯಂ ಅಂತೂ ಇಟಲಿಯೇ ತನಗೆ ಬೇಕಾದಷ್ಟು ತಯಾರಿಸುತ್ತಿತ್ತು. ಅದರ ಇಸ್ಟ್ರಿಯಾದಲ್ಲಿ ಬಾಕ್ಸೈಟ್ ಗಣಿಗಳಿದ್ದವು. ಮೇಲ್ನೋಟಕ್ಕೆ ಇದು ಹುಚ್ಚಾಟ. ಆದರೆ ಪಟ್ಟಿ ಮಾಡಿದವರಿಗೆ ಒಂದು ಸೂತ್ರವಿತ್ತು: ಸದಸ್ಯ ದೇಶಗಳ ಕೈಯಲ್ಲೇ ಬಹುಪಾಲು ಇರುವ ಸರಕನ್ನು ಮಾತ್ರ ತಡೆಯಬೇಕು, ಇಲ್ಲವಾದರೆ ಸದಸ್ಯರಲ್ಲದ ಅಮೆರಿಕ, ಜರ್ಮನಿಗಳು ಆ ವ್ಯಾಪಾರವನ್ನು ಬಾಚಿಕೊಳ್ಳುತ್ತವೆ. ನಿಕ್ಕಲ್ ಕೆನಡಾದ್ದು, ರಬ್ಬರ್ ಮತ್ತು ತವರ ಮಲಯದ ಕಡೆಯವು, ಮ್ಯಾಂಗನೀಸ್ ಸೋವಿಯತ್ ಒಕ್ಕೂಟದ್ದು ಮತ್ತು ಭಾರತದ್ದು. ಭಾರತ ಬ್ರಿಟಿಷರ ಕೈಕೆಳಗಿದ್ದರೂ ರಾಷ್ಟ್ರಸಂಘದ ಸ್ಥಾಪಕ ಸದಸ್ಯ. ನಮ್ಮ ಸಂಡೂರಿನ ಬೆಟ್ಟಗಳಲ್ಲಿ ಮ್ಯಾಂಗನೀಸ್ ತೆಗೆಯುವ ಕೆಲಸ ಆ ಶತಮಾನದ ಮೊದಲ ದಶಕದಲ್ಲೇ ಶುರುವಾಗಿತ್ತು. ಸೂತ್ರದಲ್ಲಿ ತಪ್ಪಿರಲಿಲ್ಲ. ಆದರೆ ಆ ಸೂತ್ರಕ್ಕೆ ಸಿಕ್ಕಿಬೀಳುವ ಸರಕುಗಳೆಲ್ಲ ನಾಲ್ಕಾರು ತಿಂಗಳ ದಾಸ್ತಾನಿದ್ದರೆ ಸಾಗುವಂಥವು. ಲಾರಿ, ವಿಮಾನ, ಹಡಗು ದಿನದಿನವೂ ಕುಡಿಯುವ ಸರಕು ಹೊರಗೇ ಉಳಿಯಿತು.

ಕಲ್ಲಿದ್ದಲಿನ ಕತೆಯೂ ಪಾಠವಾಗುವಂಥದ್ದೇ. ಕಲ್ಲಿದ್ದಲು ನಿಷೇಧದ ಪಟ್ಟಿಯಲ್ಲಿರಲಿಲ್ಲ. ಆದರೆ ಬ್ರಿಟನ್ ಇಟಲಿಯ ಸರಕು ಕೊಳ್ಳುವುದನ್ನು ನಿಲ್ಲಿಸಿದ್ದರಿಂದ ಬ್ರಿಟಿಷ್ ಕಲ್ಲಿದ್ದಲಿಗೆ ಕೊಡಲು ಇಟಲಿಯ ಬಳಿ ಪೌಂಡ್ ಇರಲಿಲ್ಲ. ಅದು ಜರ್ಮನಿಯತ್ತ ತಿರುಗಿತು. ವೇಲ್ಸಿನ ಗಣಿಗಳಿಗೆ ಹಳೆಯ ಗಿರಾಕಿ ತಪ್ಪಿಹೋಯಿತು, ಜರ್ಮನಿಯ ಕಲ್ಲಿದ್ದಲಿಗೆ ಹೊಸ ಗಿರಾಕಿ ಸಿಕ್ಕಿತು. ತಡೆಯದೇ ಬಿಟ್ಟ ಸರಕಿನಲ್ಲೂ ನಿರ್ಬಂಧ ಹಾಕಿದವರಿಗೇ ನಷ್ಟ.

ಈಗ ಎಣ್ಣೆಗೆ ಬರೋಣ. ನವೆಂಬರ್ 2ರಂದು ಹದಿನೆಂಟರ ಸಮಿತಿಯಲ್ಲಿ ಕೆನಡಾದ ಪ್ರತಿನಿಧಿ ರಿಡೆಲ್ ಪೆಟ್ರೋಲಿಯಂ, ಕಲ್ಲಿದ್ದಲು, ಕಬ್ಬಿಣ, ಉಕ್ಕನ್ನೂ ಪಟ್ಟಿಗೆ ಸೇರಿಸಬೇಕೆಂದರು. 6ರಂದು ಸಮಿತಿ ಅದನ್ನು 4ಎ ಎಂಬ ಪ್ರಸ್ತಾವವಾಗಿ ತಾತ್ವಿಕವಾಗಿ ಒಪ್ಪಿತು. ಜಾರಿಯ ದಿನ ಮಾತ್ರ ಆಮೇಲೆ ಗೊತ್ತುಮಾಡುವುದು ಎಂದಿತು. ತಿಂಗಳು ಕಳೆಯುವಷ್ಟರಲ್ಲಿ ಕೆನಡಾ ಸರ್ಕಾರವೇ, ಅದು ರಿಡೆಲ್ ಅವರ ಸ್ವಂತ ಅಭಿಪ್ರಾಯ, ನಮ್ಮದಲ್ಲ ಎಂದು ಕೈತೊಳೆದುಕೊಂಡಿತು. ನವೆಂಬರ್ 29ರ ಸಭೆಯನ್ನು ಫ್ರಾನ್ಸಿನ ಪ್ರಧಾನಿ ಲಾವಾಲ್ ಮುಂದೂಡಿಸಿದ. ಡಿಸೆಂಬರ್ 12ಕ್ಕೆ ಹೋಯಿತು. ಆ ದಿನ ಬರುವ ಮುಂಚೆ ಬೇರೊಂದು ಅನಾಹುತವಾಯಿತು, ಅದನ್ನು ಮುಂದೆ ಹೇಳುತ್ತೇನೆ.

ಅಡ್ಡಗಾಲು ಹಾಕಿದ್ದು ಅಮೆರಿಕ ಎನ್ನುವುದು ರೂಢಿ. ಆಗಸ್ಟ್ 31ರ ತಟಸ್ಥತೆ ಕಾಯ್ದೆಯ ಪ್ರಕಾರ ಅಮೆರಿಕ ಇಬ್ಬರಿಗೂ ಶಸ್ತ್ರ ಮಾರುವುದನ್ನು ನಿಲ್ಲಿಸಿತ್ತು, ಎಣ್ಣೆ ಅದರಲ್ಲಿರಲಿಲ್ಲ. ವಿದೇಶಾಂಗ ಕಾರ್ಯದರ್ಶಿ ಕಾರ್ಡೆಲ್ ಹಲ್ ನವೆಂಬರ್ 15ರಂದು ಎಣ್ಣೆ, ತಾಮ್ರ, ಟ್ರಕ್ಕು, ಟ್ರ್ಯಾಕ್ಟರು, ಗುಜರಿಗಳ ಹೆಸರು ಹೇಳಿ, ಯುದ್ಧಕ್ಕೆಂದು ಇವನ್ನು ಹೆಚ್ಚೆಚ್ಚು ಮಾರುವುದು ಸರಿಯಲ್ಲ ಎಂದರು. ಅದು ಬುದ್ಧಿಮಾತು, ಕಾನೂನಲ್ಲ. ಮಾಮೂಲು ವರ್ಷಗಳಲ್ಲಿ ಇಟಲಿಯ ಎಣ್ಣೆಯಲ್ಲಿ ಅಮೆರಿಕದ ಪಾಲು ಚಿಕ್ಕದು. ದಾಳಿಯ ಬಳಿಕ ಅದು ಜೋರಾಗಿ ಏರಿತು. ಮುಖ್ಯ ಪೂರೈಕೆದಾರರು ರುಮೇನಿಯಾ, ಸೋವಿಯತ್ ಒಕ್ಕೂಟ, ಇರಾನ್. ಮೂವರೂ ರಾಷ್ಟ್ರಸಂಘದ ಸದಸ್ಯರೇ! ಪಟ್ಟಿಯಲ್ಲಿ ಇಲ್ಲದ್ದನ್ನು ಮಾರಲು ಅವರಿಗೇನು ಅಡ್ಡಿ? ಹಾಗಾಗಿ ಅಮೆರಿಕವನ್ನು ದೂರುವುದು ಅರ್ಧ ಸತ್ಯ, ಅರ್ಧ ನೆಪ. ಇಟಲಿಯ ಆಳ್ವಿಕೆಯಲ್ಲಿದ್ದ ಲಿಬಿಯಾದ ಮರಳಿನಡಿ ಆಗಲೂ ಅಪಾರ ಎಣ್ಣೆಯಿತ್ತು, ಯಾರಿಗೂ ತಿಳಿದಿರಲಿಲ್ಲ ಅಷ್ಟೆ. ಅದು ದೊಡ್ಡ ಪ್ರಮಾಣದಲ್ಲಿ ಸಿಕ್ಕಿದ್ದು 1959ರಲ್ಲಿ.

ಹಾಗಾದರೆ ಎಣ್ಣೆ ನಿಲ್ಲಿಸಿದ್ದರೆ? 1936ರ ಫೆಬ್ರವರಿ 12ರಂದು ರಾಷ್ಟ್ರಸಂಘದ ತಜ್ಞರ ಸಮಿತಿ ವರದಿ ಕೊಟ್ಟಿತು. ಎಲ್ಲ ಸದಸ್ಯರೂ ನಿಲ್ಲಿಸಿ, ಅಮೆರಿಕ ತನ್ನ ರಫ್ತನ್ನು ಯುದ್ಧಕ್ಕೆ ಮುಂಚಿನ ಮಟ್ಟದಲ್ಲಿ ಹಿಡಿದಿಟ್ಟರೆ, ಮೂರರಿಂದ ಮೂರೂವರೆ ತಿಂಗಳಲ್ಲಿ ಇಟಲಿಗೆ ಬಿಸಿ ತಟ್ಟುತ್ತದೆ ಎಂದು. ಈ ಅಂಕಿಯನ್ನು ಕ್ಯಾಲೆಂಡರಿನ ಮೇಲಿಟ್ಟು ನೋಡಿ. ವರದಿ ಬಂದ ದಿನವೇ ತಡೆದಿದ್ದರೂ ಪರಿಣಾಮ ಕಾಣುವುದು ಮೇ ಮಧ್ಯದಿಂದ ತಿಂಗಳ ಕೊನೆಗೆ. ಆಡಿಸ್ ಅಬಾಬಾ ಬಿದ್ದದ್ದು ಮೇ 5ರಂದು. ಅಂದರೆ ಫೆಬ್ರವರಿಯ ನಂತರದ ಎಣ್ಣೆ ನಿರ್ಬಂಧ ಬರೀ ಶಾಸ್ತ್ರಕ್ಕೆ. ಅದೇ ನವೆಂಬರ್ 18ರಂದು ಉಳಿದವುಗಳ ಜೊತೆಗೇ ತಡೆದಿದ್ದರೆ ಫೆಬ್ರವರಿ ಕೊನೆ, ಮಾರ್ಚ್ ಆರಂಭಕ್ಕೆ ಕೊರತೆ ಶುರುವಾಗುತ್ತಿತ್ತು. ಯುದ್ಧದ ಗತಿ ತೀರ್ಮಾನಿಸಿದ ಮಾರ್ಚ್ 31ರ ಮೈಚೌ ಕದನ ಆಗಿನ್ನೂ ನಡೆದಿರಲಿಲ್ಲ. ಹೀಗೆ ನೋಡಿದರೆ ಎಣ್ಣೆಗೆ ಒಂದು ಅವಕಾಶವಿತ್ತು, ಆದರೆ ನವೆಂಬರ್‌ನಲ್ಲಿ ಮಾತ್ರ.

ಅಲ್ಲೂ ಒಂದು ‘ಆದರೆ’ ಇದೆ. ಮೂರೂವರೆ ತಿಂಗಳ ಲೆಕ್ಕ ಇಡೀ ಇಟಲಿಯ ಬಳಕೆಯದು. ಕೊರತೆ ಬಂದಾಗ ಯಾವ ಸರ್ಕಾರವಾದರೂ ಮೊದಲು ಊರಿನ ಕಾರು ಬಸ್ಸುಗಳಿಗೆ ಕತ್ತರಿ ಹಾಕುತ್ತದೆಯೇ ಹೊರತು ಯುದ್ಧಭೂಮಿಗಲ್ಲ. ಇಥಿಯೋಪಿಯಾದಲ್ಲಿದ್ದ ಸೇನೆಗೆ ಬೇಕಾದ್ದು ಒಟ್ಟು ಬಳಕೆಯ ಒಂದು ಭಾಗ. ಅದನ್ನು ಇನ್ನೂ ಕೆಲವು ವಾರ ಎಳೆದುಕೊಂಡು ಹೋಗಬಹುದಿತ್ತು. 1938ರಲ್ಲಿ ಮ್ಯೂನಿಕ್‌ನಲ್ಲಿ ಮುಸೊಲಿನಿಯೇ ಹಿಟ್ಲರನಿಗೆ, ಎಣ್ಣೆ ನಿಲ್ಲಿಸಿದ್ದರೆ ವಾರದೊಳಗೆ ನಾನು ವಾಪಸಾಗಬೇಕಿತ್ತು ಎಂದನೆಂದು ದುಭಾಷಿ ಪೌಲ್ ಷ್ಮಿಟ್ ದಾಖಲಿಸಿದ್ದಾನೆ. ಎಲ್ಲರೂ ಇದನ್ನೇ ಉದ್ಧರಿಸುತ್ತಾರೆ. ಬ್ರಿಟನ್ ಫ್ರಾನ್ಸುಗಳು ಎಷ್ಟು ಪುಕ್ಕಲು ಎಂದು ಗೆಳೆಯನೆದುರು ಗೇಲಿ ಮಾಡುವಾಗ ಆಡಿದ ಮಾತದು. ವಾರದ ಲೆಕ್ಕವನ್ನು ನಾನು ನಂಬುವುದಿಲ್ಲ. ಅವನಿಗೆ ಎಣ್ಣೆಯ ಭಯವಿತ್ತು ಎಂಬುದನ್ನು ನಂಬುತ್ತೇನೆ.

ತಜ್ಞರೂ ಮಂತ್ರಿಗಳೂ ಎಡವಿದ್ದು ಇನ್ನೊಂದು ಕಡೆ. ಇಥಿಯೋಪಿಯಾದ ಎತ್ತರದ ನೆಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರಿ ಮಳೆ. ಅದಕ್ಕೆ ಮುಂಚೆ ಇಟಲಿ ಯುದ್ಧ ಮುಗಿಸಲಾರದು, ಎರಡು ಬೇಸಗೆಯಾದರೂ ಬೇಕು, ಅಷ್ಟರಲ್ಲಿ ಮೂರನೇ ಪ್ರಸ್ತಾವ ಅದರ ಖಜಾನೆಯನ್ನು ಒಣಗಿಸುತ್ತದೆ ಎಂದು ಎಣಿಸಿದ್ದರು. ನವೆಂಬರ್‌ನಲ್ಲಿ ಡಿ ಬೋನೊನನ್ನು ತೆಗೆದು ಬಡೋಲ್ಯೊನನ್ನು ನೇಮಿಸಿದರು. ಡಿಸೆಂಬರ್ ಕೊನೆಯಿಂದ ವಿಮಾನಗಳಿಂದ ಸಾಸಿವೆ ಅನಿಲ ಸುರಿಯತೊಡಗಿದರು. ವಿಷಾನಿಲ ಬಳಸುವುದಿಲ್ಲವೆಂಬ 1925ರ ಜಿನೀವಾ ಒಪ್ಪಂದಕ್ಕೆ ಇಟಲಿಯೂ ಸಹಿ ಹಾಕಿತ್ತು. ಬರಿಗಾಲಿನ ಸೇನೆ ಅದನ್ನು ತಾಳುವುದು ಹೇಗೆ? ಎರಡು ಬೇಸಗೆಯ ಯುದ್ಧ ಏಳು ತಿಂಗಳಲ್ಲಿ ಮುಗಿಯಿತು.

ನಿಜವಾದ ತೂಬು ಇದ್ದದ್ದು ಸೂಯೆಜ್‌ನಲ್ಲಿ. ಇಟಲಿಯಿಂದ ಹೊರಟ ಪ್ರತಿ ಸೈನಿಕ, ಪ್ರತಿ ಪೀಪಾಯಿ ಅಲ್ಲಿಂದಲೇ ಹಾಯಬೇಕು. ಇಲ್ಲವಾದರೆ ಇಡೀ ಆಫ್ರಿಕಾ ಸುತ್ತಬೇಕು. ಕಾಲುವೆ ಕಂಪನಿಯಲ್ಲಿ ಬ್ರಿಟಿಷ್ ಸರ್ಕಾರದ ಷೇರು ಶೇ 44. ಯುದ್ಧವಿರಲಿ ಶಾಂತಿಯಿರಲಿ ಕಾಲುವೆ ಎಲ್ಲರಿಗೂ ತೆರೆದಿರಬೇಕು ಎಂಬ 1888ರ ಕಾನ್‌ಸ್ಟಾಂಟಿನೋಪಲ್ ಒಪ್ಪಂದವನ್ನು ಮುಂದಿಟ್ಟು ಮುಚ್ಚಲಾಗದು ಎಂದರು. ತನಗೆ ವಿರುದ್ಧವಾದ ಹಳೆಯ ಒಪ್ಪಂದಗಳು ರದ್ದು ಎಂದು ರಾಷ್ಟ್ರಸಂಘದ ಒಡಂಬಡಿಕೆಯ 20ನೇ ವಿಧಿ ಹೇಳುತ್ತದೆ, ಹಾಗಾಗಿ ಕಾನೂನಿನ ದಾರಿ ಇರಲಿಲ್ಲ ಎನ್ನಲಾಗದು. ಮುಚ್ಚಿದರೆ ಇಟಲಿ ಯುದ್ಧಕ್ಕೆ ಬರುತ್ತದೆ ಎಂಬುದೇ ನಿಜವಾದ ಕಾರಣ. ಬ್ರಿಟನ್ ತನ್ನ ಮೆಡಿಟರೇನಿಯನ್ ನೌಕಾಪಡೆಯನ್ನು ಮಾಲ್ಟಾದಿಂದ ಅಲೆಕ್ಸಾಂಡ್ರಿಯಾಕ್ಕೆ ಸರಿಸಿತು, ಹುಡ್ ಮತ್ತು ರಿನೌನ್ ಯುದ್ಧನೌಕೆಗಳನ್ನು ಜಿಬ್ರಾಲ್ಟರಿಗೆ ಕಳಿಸಿತು. ಆದರೆ ವಿಮಾನ ಹೊಡೆದುರುಳಿಸುವ ಮದ್ದುಗುಂಡು ಸಾಲದೆಂದು ಅದರ ಸೇನಾಧಿಕಾರಿಗಳಿಗೆ ಗೊತ್ತಿತ್ತು. ಫ್ರಾನ್ಸ್ ತನ್ನ ಬಂದರುಗಳನ್ನು ಬಿಟ್ಟುಕೊಡುತ್ತದೆಯೇ ಎಂಬ ಅನುಮಾನ. ಪೂರ್ವದಲ್ಲಿ ಜಪಾನಿನ ಭಯ. ಸೆಪ್ಟೆಂಬರ್ 10ರಂದೇ ಬ್ರಿಟನ್ನಿನ ವಿದೇಶಾಂಗ ಸಚಿವ ಹೋರ್ ಮತ್ತು ಲಾವಾಲ್, ಸೂಯೆಜ್ ಮುಚ್ಚುವುದೂ ಇಲ್ಲ, ಸೈನಿಕ ಕ್ರಮವೂ ಇಲ್ಲ ಎಂದು ಒಳಗೊಳಗೆ ಒಪ್ಪಿಕೊಂಡಿದ್ದರು. ಮರುದಿನ ಅದೇ ಹೋರ್ ಜಿನೀವಾದ ವೇದಿಕೆ ಹತ್ತಿ, ಆಕ್ರಮಣವನ್ನು ಎಲ್ಲರೂ ಸೇರಿ ದೃಢವಾಗಿ ಎದುರಿಸಬೇಕು ಎಂದು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಆ ಭಾಷಣದ ಹಿಂದೆ ಮತಪೆಟ್ಟಿಗೆಯೂ ಇತ್ತು. ಜೂನ್‌ನಲ್ಲಿ ಹೊರಬಿದ್ದ ‘ಶಾಂತಿ ಮತದಾನ’ದಲ್ಲಿ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಬ್ರಿಟಿಷರು ಅಭಿಪ್ರಾಯ ಹೇಳಿದ್ದರು. ಆರ್ಥಿಕ ನಿರ್ಬಂಧಕ್ಕೆ 1 ಕೋಟಿಗೂ ಮಿಕ್ಕಿ ಒಪ್ಪಿಗೆ; ಸೈನಿಕ ಕ್ರಮಕ್ಕೆ ಅದು ಸುಮಾರು 68 ಲಕ್ಷಕ್ಕಿಳಿದಿತ್ತು. ನವೆಂಬರ್ 14ರ ಚುನಾವಣೆಯನ್ನು ಬಾಲ್ಡ್ವಿನ್ ಸರ್ಕಾರ ರಾಷ್ಟ್ರಸಂಘದ ಹೆಸರು ಹೇಳಿಯೇ ಗೆದ್ದಿತು.

ಗೆದ್ದು ಒಂದು ತಿಂಗಳಾಗುವ ಮುಂಚೆ, ಡಿಸೆಂಬರ್ 7 ಮತ್ತು 8ರಂದು ಪ್ಯಾರಿಸಿನಲ್ಲಿ ಹೋರ್, ಲಾವಾಲ್ ಸೇರಿ ಇಥಿಯೋಪಿಯಾವನ್ನು ಕತ್ತರಿಸುವ ನಕ್ಷೆ ಬರೆದರು. ತಿಗ್ರೆಯ ಪೂರ್ವಭಾಗ, ಒಗಾಡೆನ್‌ನ ಭಾಗ ಇಟಲಿಗೆ. ದಕ್ಷಿಣದ ದೊಡ್ಡ ಪ್ರದೇಶ ಅದರ ಆರ್ಥಿಕ ಮೀಸಲು. ಬದಲಿಗೆ ಇಥಿಯೋಪಿಯಾಕ್ಕೆ ಸಮುದ್ರ ತಲುಪಲು ಅಸಾಬ್ ಬಂದರಿನತ್ತ ಒಂದು ಸಪೂರ ದಾರಿ. ಲಂಡನ್ನಿನ ಟೈಮ್ಸ್ ಪತ್ರಿಕೆ ಅದನ್ನು ‘ಒಂಟೆಗಳ ಓಣಿ’ ಎಂದು ಅಣಕಿಸಿತು. 9ರಂದೇ ಪ್ಯಾರಿಸ್ ಪತ್ರಿಕೆಗಳಲ್ಲಿ ಗುಟ್ಟು ಒಡೆಯಿತು. ಬ್ರಿಟನ್ನಿನಲ್ಲಿ ಜನ ಉರಿದೆದ್ದರು, 18ರಂದು ಹೋರ್ ರಾಜೀನಾಮೆ. ಅವರ ಜಾಗಕ್ಕೆ ಈಡನ್ ಬಂದರು. ಆದರೆ ಡಿಸೆಂಬರ್ 12ರ ಎಣ್ಣೆ ಸಭೆ ಈ ಗದ್ದಲದಲ್ಲಿ ಕೊಚ್ಚಿಹೋಗಿತ್ತು. ಎಣ್ಣೆಯ ವಿಷಯ ಮತ್ತೆ ಮೇಲೆದ್ದದ್ದು 1936ರ ಮಾರ್ಚ್ 2ರಂದು. ಬ್ರಿಟನ್ ಸಿದ್ಧ ಎಂದರು ಈಡನ್. ಇನ್ನೊಮ್ಮೆ ಸಂಧಾನ ನೋಡೋಣ ಎಂದರು ಫ್ರಾನ್ಸಿನ ವಿದೇಶಾಂಗ ಸಚಿವ ಫ್ಲಾಂದಾಂ. ಐದು ದಿನಕ್ಕೆ, ಮಾರ್ಚ್ 7ರಂದು, ಹಿಟ್ಲರನ ಸೇನೆ ಫ್ರಾನ್ಸಿನ ಗಡಿಯ ಪಕ್ಕದ, ಸೇನೆ ಇಡಬಾರದೆಂದು ಒಪ್ಪಂದವಿದ್ದ ರೈನ್‌ಲ್ಯಾಂಡಿಗೆ ನಡೆದುಬಂತು. ಅಲ್ಲಿಗೆ ಎಣ್ಣೆಯ ಮಾತು ಮುಗಿಯಿತು.

ಇಥಿಯೋಪಿಯಾಕ್ಕೆ ಏನು ಸಿಕ್ಕಿತು ಎಂಬುದನ್ನು ಯಾರೂ ಕೇಳುವುದಿಲ್ಲ. ಶಸ್ತ್ರ ಕೊಳ್ಳಬಹುದು ಎಂದು ಮೊದಲ ಪ್ರಸ್ತಾವ ಹೇಳಿತ್ತಷ್ಟೆ; ದುಡ್ಡು? ಬಂದರು? ಅದಕ್ಕೆ ಸಮುದ್ರತೀರವೇ ಇರಲಿಲ್ಲ. ಇದ್ದ ಒಂದೇ ರೈಲುಮಾರ್ಗ ಫ್ರೆಂಚರ ಜಿಬೂಟಿಯಿಂದ ಬರಬೇಕು. ಅವರು ಸರಕು ಬಿಡುವುದರಲ್ಲಿ ಜಿಪುಣತನ ತೋರಿಸಿದರು. ವಿಚಿತ್ರವೆಂದರೆ ಗುಟ್ಟಾಗಿ ಶಸ್ತ್ರ ಕೊಟ್ಟವರಲ್ಲಿ ಹಿಟ್ಲರ್ ಒಬ್ಬ: ಇಟಲಿ ಆಫ್ರಿಕಾದಲ್ಲಿ ಸಿಕ್ಕಿಕೊಂಡಷ್ಟೂ ಅವನಿಗೆ ಆಸ್ಟ್ರಿಯಾದಲ್ಲಿ ಅನುಕೂಲ. ಜೂನ್ 30ರಂದು ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾದಲ್ಲಿ ಮಾತಾಡಲು ನಿಂತಾಗ ಇಟಲಿಯ ಪತ್ರಕರ್ತರು ಸಿಳ್ಳೆ ಹೊಡೆದರು. 1 ಕೋಟಿ ಪೌಂಡ್ ಸಾಲಕ್ಕೆ ಖಾತರಿ ನಿಲ್ಲಿ ಎಂಬ ಇಥಿಯೋಪಿಯಾದ ಗೊತ್ತುವಳಿಗೆ ಪರವಾಗಿ ಬಿದ್ದದ್ದು ಅದರದ್ದೊಂದೇ ಮತ. 23 ದೇಶಗಳು ವಿರುದ್ಧ, 25 ದೇಶಗಳು ಯಾವ ಕಡೆಗೂ ಇಲ್ಲ. ಜುಲೈ 15ರಂದು ನಿರ್ಬಂಧಗಳನ್ನು ತೆಗೆದರು. ಜಾರಿಯಲ್ಲಿದ್ದದ್ದು ಎಂಟು ತಿಂಗಳಿಗೆ ಮೂರು ದಿನ ಕಡಿಮೆ.

ಕೊನೆಯ ಪ್ರಶ್ನೆ, ಮಹಾಯುದ್ಧದ ನಂಟು. ಮೂರು ಎಳೆಗಳನ್ನು ಹಿಡಿಯಬಹುದು. ಸಣ್ಣ ದೇಶಗಳು ರಾಷ್ಟ್ರಸಂಘದ ಮೇಲಿನ ಭರವಸೆ ಕಳೆದುಕೊಂಡವು. ಡೆನ್ಮಾರ್ಕ್, ಫಿನ್‌ಲ್ಯಾಂಡ್, ನೆದರ್‌ಲ್ಯಾಂಡ್ಸ್, ನಾರ್ವೆ, ಸ್ಪೇನ್, ಸ್ವೀಡನ್, ಸ್ವಿಟ್ಜರ್‌ಲ್ಯಾಂಡ್ ಜುಲೈ 1ರಂದು, 16ನೇ ವಿಧಿ ತಮ್ಮನ್ನು ಮೊದಲಿನಂತೆ ಕಟ್ಟಿಹಾಕದು ಎಂಬ ಅರ್ಥದ ಹೇಳಿಕೆ ಕೊಟ್ಟವು. ಅಕ್ಟೋಬರ್‌ನಲ್ಲಿ ಬೆಲ್ಜಿಯಂ ತಟಸ್ಥತೆಗೆ ಸರಿಯಿತು. ಎರಡನೆಯದು ಬಾಲ್ಕನ್ ವ್ಯಾಪಾರ. ಯುಗೊಸ್ಲಾವಿಯಾದ ದೊಡ್ಡ ಗಿರಾಕಿಗಳಲ್ಲಿ ಇಟಲಿಯೂ ಒಂದಾಗಿತ್ತು. ನಿರ್ಬಂಧವನ್ನು ಅದು ನಿಯತ್ತಿನಿಂದ ಪಾಲಿಸಿ ಆ ಮಾರುಕಟ್ಟೆಯನ್ನು ಕಳೆದುಕೊಂಡಿತು. ಐದನೇ ಪ್ರಸ್ತಾವದ ಆಸರೆ ಕೊಂಚವೇ ಸಿಕ್ಕಿತು. ಆ ಖಾಲಿ ಜಾಗ ತುಂಬಿದ್ದು ಜರ್ಮನಿ. 1936ರ ಜೂನ್‌ನಲ್ಲಿ ಅದರ ಹಣಕಾಸಿನ ಮುಖ್ಯಸ್ಥ ಷಾಖ್ಟ್ ಬೆಲ್‌ಗ್ರೇಡಿಗೇ ಬಂದು ಹೋದ.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದ ಎಳೆ, ಆಸ್ಟ್ರಿಯಾ. 1934ರ ಜುಲೈನಲ್ಲಿ ನಾಜಿಗಳು ವಿಯೆನ್ನಾದಲ್ಲಿ ಚಾನ್ಸಲರ್ ಡಾಲ್‌ಫುಸ್‌ನನ್ನು ಕೊಂದಾಗ ಮುಸೊಲಿನಿ ಬ್ರೆನರ್ ಕಣಿವೆಗೆ ಸೇನೆ ಕಳಿಸಿ ಹಿಟ್ಲರನನ್ನು ಹಿಂಜರಿಸಿದ್ದ. 1935ರ ಏಪ್ರಿಲ್‌ನಲ್ಲಿ ಸ್ಟ್ರೆಸಾದಲ್ಲಿ ಬ್ರಿಟನ್, ಫ್ರಾನ್ಸ್, ಇಟಲಿ ಒಟ್ಟಾಗಿ ನಿಂತಿದ್ದವು. ಆಗಲೂ ‘ಶಾಂತಿ’ ಎಂಬ ಪದದ ಜೊತೆಗೆ ‘ಯೂರೋಪಿನ’ ಎಂದು ಸೇರಿಸಿಸಿದವನು ಮುಸೊಲಿನಿಯೇ. ಆಫ್ರಿಕಾಕ್ಕೆ ಅದು ಅನ್ವಯಿಸದು ಎಂಬ ಸೂಚನೆ. ನಿರ್ಬಂಧ ಬಿಗಿಯಾಗುತ್ತದೋ ಏನೋ ಎಂಬ ಆತಂಕದ ನಡುವೆ, 1936ರ ಜನವರಿ 6ರಂದು, ಅವನು ಜರ್ಮನ್ ರಾಯಭಾರಿ ಹಾಸೆಲ್‌ಗೆ, ಆಸ್ಟ್ರಿಯಾ ಜರ್ಮನಿಯ ಹಿಂಬಾಲಕನಾದರೂ ತನ್ನ ತಕರಾರಿಲ್ಲ ಎಂದ. ಜುಲೈ 11ಕ್ಕೆ ಆಸ್ಟ್ರಿಯಾ ಜರ್ಮನಿಯೊಡನೆ ಒಪ್ಪಂದಕ್ಕೆ ಸಹಿ ಹಾಕಿತು. ನವೆಂಬರ್ 1ರಂದು ಮಿಲಾನಿನಲ್ಲಿ ಮುಸೊಲಿನಿ ರೋಮ್–ಬರ್ಲಿನ್ ‘ಅಕ್ಷ’ದ ಮಾತಾಡಿದ. 1937ರ ಡಿಸೆಂಬರ್ 11ಕ್ಕೆ ಇಟಲಿ ರಾಷ್ಟ್ರಸಂಘವನ್ನೇ ಬಿಟ್ಟಿತು. 1938ರ ಮಾರ್ಚ್ 12ರ ಬೆಳಗ್ಗೆ ಜರ್ಮನ್ ಸೇನೆ ಆಸ್ಟ್ರಿಯಾದೊಳಕ್ಕೆ ಹೊಕ್ಕಾಗ ಬ್ರೆನರ್ ಕಣಿವೆಗೆ ಅವನು ಒಂದು ತುಕಡಿಯನ್ನೂ ಕಳಿಸಲಿಲ್ಲ.